ಎರಡನೆಯ ನಮಸ್ಕಾರ

ಚಾಂದ್ರ ವರ್ಷದ ಮೊದಲ ದಿನ ಬೆಳಗ್ಗೆ ತಾಕ್ ಬ್ಯೊಂಗ್-ಹೊ ಅಪ್ಪನ ಹಳೆಯ ಸೈಕಲ್ಲನ್ನು ದಕ್ಷಿಣ ಕೊರಿಯಾದ ಸೋಲ್ ನಗರದ ಬೀದಿಗಿಳಿಸಿದ.

"ರೀ, ಎಪ್ಪತ್ತು ದಾಟಿದೆ ನಿಮಗೆ. ಬಸ್ಸಿಗೇನು ಬರ?" ಹೆಂಡತಿ ಬುತ್ತಿ ಕಟ್ಟುತ್ತಲೇ ಗೊಣಗಿದಳು. "ಬದುಕಿರೋ ಹಿರಿಯರಿಗೆ ಒಂದ್ಸಲ ಅಡ್ಡಬೀಳೋದು, ಸತ್ತೋರಿಗೆ ಎರಡ್ಸಲ. ನಿಮ್ಮಪ್ಪನಿಗೆ ಎರಡು ಹಾಕಿ ಬನ್ನಿ. ಆ ಮಂಡೀಲಿ ಎದ್ದೇಳೋಕಾದ್ರೆ!"

"ಇವತ್ತು ಎದ್ದೇ ಏಳ್ತೀನಿ ಕಣೇ."

ಬಸ್ಸಿನಲ್ಲಿ ಹೋದರೆ ಅವನ ಎದೆಯ ಕಿಚ್ಚು ಆರುತ್ತಿರಲಿಲ್ಲ. ಅಪ್ಪ ಅಂದು ಹೊರಟದ್ದು ಇದೇ ಸೈಕಲ್ಲಿನಲ್ಲಿ, ಇದೇ ರಸ್ತೆಯಲ್ಲಿ. ಯುದ್ಧದ ನಂತರ ಇಮ್ಜಿನ್ ಹೊಳೆಯಾಚೆ, ಉತ್ತರ ಕೊರಿಯಾದ ಪಾಲಿಗೆ ಉಳಿದುಹೋದ ಕೇಸೊಂಗ್, ಅಪ್ಪನ ಹುಟ್ಟೂರು. ಅದರ ಗುಡ್ಡವನ್ನಾದರೂ ಕಣ್ತುಂಬ ನೋಡುವ ಆಸೆ. ಆ ಆಸೆಯನ್ನು ಅಪ್ಪ ಒಬ್ಬನ ಕಿವಿಗೆ ಮಾತ್ರ ಹಾಕಿದ್ದ, ಊರವನೇ ಆದ ಒ ಜೊಂಗ್-ಗುವಿನ ಕಿವಿಗೆ. ಅಪ್ಪನ ಜಿನ್ಸೆಂಗ್ ಬೇರಿನ ಅಂಗಡಿಯ ಮೇಲೆ ಕಣ್ಣಿಟ್ಟಿದ್ದ ಆ ಪುಣ್ಯಾತ್ಮ ನೆಟ್ಟಗೆ ಠಾಣೆಗೆ ಹೋಗಿ, 'ತಾಕ್ ಕಮ್ಯುನಿಸ್ಟ್, ಉತ್ತರಕ್ಕೆ ಓಡ್ತಿದ್ದಾನೆ' ಎಂದು ಚಾಡಿ ಹೇಳಿದ. ಅಪ್ಪ ಜೈಲಿನಿಂದ ಮನೆಗೆ ಬಂದದ್ದು ಸಾಯಲಿಕ್ಕೆ. ಥೂ, ಆ ಜೊಂಗ್-ಗುವೂ ಒಬ್ಬ ಮನುಷ್ಯ!

ಎದುರುಗಾಳಿ ಕಿವಿ ಕೊಯ್ಯುತ್ತಿತ್ತು. ಹೆಲ್ಮೆಟ್ ತೊಟ್ಟ ಹುಡುಗರು ಹಿಂದಿಕ್ಕುತ್ತ, "ತಾತಾ, ಈ ಸೈಕಲ್ ಮ್ಯೂಸಿಯಮ್ಮಿಗಾ?" ಎಂದರು.

"ಹೂಂ ಕಣ್ರೋ, ನಾನೇ ತಲುಪಿಸ್ತಿದೀನಿ!"

ಮಧ್ಯಾಹ್ನ ಕಳೆದ ಮೇಲೆ ಗಡಿಯ ಕಾವಲು ಗೋಪುರಗಳು, ಮುಳ್ಳುತಂತಿ, ಬಂದೂಕು ಹಿಡಿದ ಸಿಪಾಯಿಗಳು ಕಂಡರು. ಅಲ್ಲೇ, ಊರು ಕಳೆದುಕೊಂಡವರು ಉತ್ತರಕ್ಕೆ ಮುಖ ಮಾಡಿ ಹಿರಿಯರಿಗೆ ನಮಿಸುವ ಕಲ್ಲಿನ ಪೀಠ. ಬ್ಯೊಂಗ್-ಹೊ ಅಪ್ಪನಿಗೆ ಎರಡು ನಮಸ್ಕಾರ ಹಾಕಿದ. ಪಕ್ಕದಲ್ಲಿ, ಪ್ರತಿ ವರ್ಷದಂತೆ, ಕುರ್ಚಿಯ ಮೇಲೆ ಒ ಜೊಂಗ್-ಗು, ತೊಂಬತ್ತು ದಾಟಿದ ಹಿರಿಯ, ಮಕ್ಕಳು ಮೊಮ್ಮಕ್ಕಳಿಂದ ಹಬ್ಬದ ನಮಸ್ಕಾರ ಸ್ವೀಕರಿಸುತ್ತಿದ್ದ. ಬ್ಯೊಂಗ್-ಹೊ ಸಾಲಿನಲ್ಲಿ ನಿಂತ.

"ಯಾರಪ್ಪಾ?" ಮುದುಕನ ಕಣ್ಣಿಗೆ ಪೊರೆ ಬಂದಿತ್ತು.

"ತಾಕ್ ಮಾನ್-ಶಿಕ್ ಮಗ, ದೊಡ್ಡಪ್ಪ. ನಮಸ್ಕಾರ ತಗೊಳ್ಳಿ."

ಮುದುಕ ಬೆಚ್ಚಿದ. ಬ್ಯೊಂಗ್-ಹೊ ಚಾಪೆಗೆ ಹಣೆ ಹಚ್ಚಿ ಎದ್ದಾಗ ಮುದುಕನ ಮುಖ ಅರಳಿತು. ಕ್ಷಮಿಸಿಬಿಟ್ಟ ಎಂದುಕೊಂಡನೋ ಏನೋ.

"ನೂರ್ಕಾಲ ಬಾಳಪ್ಪಾ. ಹಳೇದೆಲ್ಲ..."

ಬ್ಯೊಂಗ್-ಹೊ ಮತ್ತೆ ಅಡ್ಡಬಿದ್ದ. ಮಂಡಿ ಲಟಕ್ಕೆಂದಿತು. ಆದರೂ ಎದ್ದ.

"ಏಯ್!" ಎಂದ ಮುದುಕನ ಹಿರಿಮಗ ನಾಲಿಗೆ ಕಚ್ಚಿಕೊಂಡ. ಸಾಲಿಗೆ ಸಾಲೇ ಗಪ್‌ಚುಪ್.

"ಯಾಕ್ರೋ ಸುಮ್ಮನಾದ್ರಿ? ಎಷ್ಟು ಹಾಕಿದ ಅವನು?"

ಬ್ಯೊಂಗ್-ಹೊ ಬಗ್ಗಿ, ಅಪ್ಪ ಗುಟ್ಟು ಹೇಳಿದ್ದ ಅದೇ ಕಿವಿಗೆ ಬಾಯಿಟ್ಟ.

"ಎರಡು, ದೊಡ್ಡಪ್ಪ."