ಪೇಟಿ ಮಾಸ್ತರರು ಒತ್ತಿದ ಗುಂಡಿ

ಮಗಳು ಕೊಂಡು ತಂದ ಹೊಸ ಕೀಬೋರ್ಡಿನ ಪುಟ್ಟ ಪರದೆ ಮೊನ್ನೆ ಒಂದು ಪ್ರಶ್ನೆ ಕೇಳಿತು: ಹಳೆಯ ರೆಕಾರ್ಡಿಂಗಿನ ಮೇಲೆ ಕೂಡಿಸಬೇಕೋ, ಅದನ್ನು ಅಳಿಸಿ ಹೊಸದು ಬರೆಯಬೇಕೋ? ನನಗೆ ಮೈಯೆಲ್ಲ ಉರಿಯಿತು. ಪಾಪ, ಆ ಪೆಟ್ಟಿಗೆಯದೇನು ತಪ್ಪು. ಇದು ಹಳೆಯ ಸಿಟ್ಟು, ಇನ್ನೂ ಆರಿಲ್ಲ…

ತೊಂಬತ್ತರ ದಶಕದಲ್ಲಿ ನಮ್ಮ ತುರ್ವಿಹಾಳದಲ್ಲಿ ಭತ್ತದ ರಾಶಿ ಮುಗಿದರೆ ನಾಟಕದ ತಾಲೀಮು ಶುರುವಾಗುತ್ತಿತ್ತು. ಕಲಿಸಲು ಪಾಮನಕಲ್ಲೂರಿನಿಂದ ಪೇಟಿ ಮಾಸ್ತರರು ಬರುತ್ತಿದ್ದರು. ಬಸ್ಸಿನಲ್ಲಿ ಹಾರ್ಮೋನಿಯಂ ಪೇಟಿಯನ್ನು ತೊಡೆಯ ಮೇಲಿನಿಂದ ಇಳಿಸುತ್ತಿರಲಿಲ್ಲ. ನಾಟಕದಲ್ಲಿ ಹಾಡುವ ಪದಗಳ ಧಾಟಿಯೆಲ್ಲ ಅವರು ಕಟ್ಟಿದ್ದೇ. ಹಾಡುತ್ತ ನಾನು ಸಾಲು ಮರೆತರೆ ಅವರ ಪೇಟಿ ಅಲ್ಲಲ್ಲೇ ಸುತ್ತುತ್ತ ನನಗಾಗಿ ಕಾಯುತ್ತಿತ್ತು. ಹಾಡಿನ ನಡುವೆಯೇ ಊರವರು ರಂಗ ಹತ್ತಿ ಕಲಾವಿದರಿಗೆ ದುಡ್ಡು, ಬಟ್ಟೆ ಕೊಟ್ಟು ಆಯೇರಿ ಮಾಡುವುದು ನಮ್ಮ ಕಡೆಯ ರೂಢಿ. ಮೈಕಿನಲ್ಲಿ ಕೊಟ್ಟವರ ಹೆಸರು ಹೇಳಿ ಮುಗಿಯುವ ತನಕವೂ ಪೇಟಿ ಕಾಯುತ್ತಿತ್ತು.

ಒಂದು ವರ್ಷ, ನಾಟಕಗಳಿಗೆ ಪರದೆ, ಮೈಕು ಬಾಡಿಗೆ ಕೊಡುತ್ತಿದ್ದ ಸಿಂಧನೂರಿನ ಮಾಲೀಕನೊಬ್ಬ ಡಿಜಿಟಲ್ ಕೀಬೋರ್ಡ್ ತಂದ. ಮಾಸ್ತರರಿಗೆ ಬೆಣ್ಣೆ ಹಚ್ಚಿ ಪದಗಳನ್ನೆಲ್ಲ ಅದರಲ್ಲಿ ತುಂಬಿಸಿಕೊಂಡ. ರೆಕಾರ್ಡ್ ಮಾಡುವ ಎರಡು ಬಗೆಯನ್ನೂ ಅವನೇ ಅವರಿಗೆ ಕಲಿಸಿದ.

“ಇದು ಹಳೇದರ ಮ್ಯಾಲ ಕೂಡಸ್ತೈತ್ರಿ ಮಾಸ್ತರ. ಇದು ಹಳೇದು ಅಳಿಸಿ ಹೊಸದು ಬರೀತೈತಿ. ಇದರ ತಂಟೆಗೆ ಹೋಗಬ್ಯಾಡ್ರಿ.”

ತುಂಬಿದ್ದು ಮುಗಿದದ್ದೇ ತಡ, ಊರ ಹಿರಿಯರಿಗೆ ಹೇಳಿದ: “ಇನ್ನ ಮಾಸ್ತರ ಯಾಕ ಬೇಕ್ರಿ? ಗುಂಡಿ ಒತ್ತಿದ್ರ ಆತು.” ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು. ಮಾಸ್ತರರು ಅಲ್ಲೇ ಕುಳಿತಿದ್ದರು. ಹಿರಿಯರು ಅವರೆದುರೇ ತಲೆಯಾಡಿಸಿದರು.

ಮರುದಿನ ಲಿಂಗಸುಗೂರಿನಿಂದ ನಾಯಕಿಯ ಪಾತ್ರ ಮಾಡುವ ಅಕ್ಕ ತಾಲೀಮಿಗೆ ಬಂದಳು. ವಯಸ್ಸಾಗಿತ್ತು, ದಮ್ಮು ಕಡಿಮೆ. ಕೀಬೋರ್ಡ್ ತನ್ನ ಪಾಡಿಗೆ ಓಡಿತು, ಆಕೆ ಹಿಂದೆ ಉಳಿದಳು. ಮತ್ತೆ ಹಚ್ಚಿದರು, ಮತ್ತೆ ಉಳಿದಳು.

“ತಾಳ ಇಲ್ಲೇನಬೇ ನಿನಗ?” ಎಂದ ಮಾಲೀಕ.

“ಉಸಿರು ತಗೊಳ್ಳಾಕ ಬಿಡವಲ್ದು ಇದು,” ಎಂದು ಆಕೆ, ಊರಿಗೆ ಹೊರಡಲು ಪೇಟಿ ಕಟ್ಟಿಕೊಂಡು ಮೂಲೆಯಲ್ಲಿ ಕುಳಿತಿದ್ದ ಮಾಸ್ತರರ ಕಡೆ ನೋಡಿದಳು.

ಮಾಸ್ತರರು ಎದ್ದು ಬಂದು ಕೀಬೋರ್ಡಿನ ಮುಂದೆ ಕುಳಿತರು. ಹಾಡನ್ನು ತಿದ್ದುತ್ತಾರೆಂದುಕೊಂಡು ಮಾಲೀಕ ಬೀಡಿ ಸೇದಲು ಹೊರಗೆ ಹೋದ. ಅವರು ಆ ಬೇಡವೆಂದ ಗುಂಡಿಯನ್ನೇ ಆರಿಸಿದರು. ಒಂದೊಂದೇ ಪದ ತೆಗೆದು, ಅದರ ಜಾಗದಲ್ಲಿ ‘ಸ’ ಎಂಬ ಒಂದೇ ಸ್ವರವನ್ನು ಒತ್ತಿ ಹಿಡಿದರು. ಮಾಲೀಕ ಓಡಿ ಬರುವಷ್ಟರಲ್ಲಿ ಎಲ್ಲ ಅಳಿಸಿಹೋಗಿತ್ತು.

“ನಂದು ನಾ ತಗೊಂಡೀನಿ,” ಎಂದು ಪೇಟಿ ಎತ್ತಿಕೊಂಡು ಹೊರಟರು.

ಮಾಸ್ತರ ಮಷೀನು ಕೆಡಿಸುವವನು ಎಂದು ಆ ನಾಲಾಯಕ್ ಮನುಷ್ಯ ಮಸ್ಕಿಯ ತನಕ ಡಂಗುರ ಸಾರಿದ. ಆಮೇಲೆ ಅವರನ್ನು ಯಾವ ಊರೂ ಕರೆಯಲಿಲ್ಲ. ತೀರಿಕೊಂಡ ಸುದ್ದಿಯೂ ನನಗೆ ಬಸ್ ನಿಲ್ದಾಣದಲ್ಲಿ ಸಿಕ್ಕಿತು, ಅದೂ ತಡವಾಗಿ…

ಮಾಲೀಕನ ಮೇಲೆ ನನಗೆ ಸಿಟ್ಟಿದೆ. ತಲೆಯಾಡಿಸಿದ ಹಿರಿಯರ ಮೇಲಿದೆ. ಮಾಸ್ತರರ ಮೇಲೂ ಇದೆ. ಒಂದು ಧಾಟಿಯನ್ನಾದರೂ ಬಿಟ್ಟು ಹೋಗಬಾರದಿತ್ತೇ?

“ಯಾವುದು ಒತ್ತಲೆಪ್ಪಾ?” ಎಂದು ಮಗಳು ಹೊಸ ಕೀಬೋರ್ಡಿನ ಪರದೆ ತೋರಿಸಿ ಕೇಳಿದಳು.

“ತಡಿ, ನಮ್ಮ ಮಾಸ್ತರರ ಪದ ಒಂದು ಬಾರಸ್ತೀನಿ,” ಎಂದು ಕುಳಿತೆ. ಪದದ ಮಾತೆಲ್ಲ ಬಾಯಿಗೆ ಬಂತು. ಧಾಟಿ ಬರಲಿಲ್ಲ. ಬೆರಳು ‘ಸ’ದ ಮೇಲೇ ನಿಂತಿತ್ತು.