ಎತ್ತಿ ಕುಡಿಯಲಾಗದ ಲೋಟ

ರೂಟ್ ಬಿಯರ್ ಫ್ಲೋಟ್ ಬಂದ ಕೂಡಲೇ ಕುಡಿಯಬಾರದು. ಸ್ವಲ್ಪ ಹೊತ್ತು ನೋಡುತ್ತ ಕೂರಬೇಕು. ಫ್ರೀಜರಿನಿಂದ ತೆಗೆದ ದಪ್ಪ ಗಾಜಿನ ಲೋಟದ ಮೈಗೆಲ್ಲ ಮಂಜು ಹಿಡಿದಿರುತ್ತದೆ. ಒಳಗೆ ಹೆಸರಿಗಷ್ಟೇ ಬಿಯರ್ ಆದ, ಮದ್ಯವಿಲ್ಲದ ಕಪ್ಪು ಪಾನೀಯ, ಅದರ ಮೇಲೆ ತೇಲುವ ವೆನಿಲಾ ಐಸ್‌ಕ್ರೀಮಿನ ಉಂಡೆ. ಎರಡೂ ತಾಗಿದಲ್ಲಿ ಸಣ್ಣಗೆ ಸದ್ದು ಮಾಡುತ್ತ ನೊರೆ ಏಳುತ್ತದೆ, ಅಂಚು ದಾಟುತ್ತದೆ, ಆತುರವಿಲ್ಲದೆ ಹೊರಗೆ ಇಳಿಯುತ್ತದೆ. ಆ ಒಂದು ನಿಮಿಷ ಈ ಪರದೇಶದ ನಿಲಾಯ್ ಪಟ್ಟಣದ ಮೆಡಿಕಲ್ ಕಾಲೇಜು, ಅಲ್ಲಿ ನಾನು ಕಲಿಸುವ ಔಷಧಶಾಸ್ತ್ರ, ತಿದ್ದದೆ ಉಳಿದ ಉತ್ತರಪತ್ರಿಕೆಗಳು ಯಾವುದೂ ನನಗೆ ನೆನಪಿರುವುದಿಲ್ಲ.

ಭಾನುವಾರ ಮಧ್ಯಾಹ್ನ ನಾನೂ ನನ್ನ ಏಳು ವರ್ಷದ ಮಗಳೂ ಸುಬಾಂಗ್ ಜಯಾ ಎಂಬ ಊರಿನ ಒಂದು ಹಳೆಯ ಅಂಗಡಿಗೆ ಹೋಗುತ್ತಿದ್ದೆವು. ಇಬ್ಬರಿಗೆ ಒಂದೇ ಲೋಟ, ಒಂದೇ ಸ್ಟ್ರಾ. ಐಸ್‌ಕ್ರೀಮು ಅವಳ ಪಾಲು, ನೊರೆ ನನ್ನದು. ಇದರ ಚರಿತ್ರೆಯನ್ನು ಎಷ್ಟು ಸಲ ಹೇಳಿದರೂ ಅವಳಿಗೆ ಸಾಲದು. ಅಮೆರಿಕದಲ್ಲಿ ಕಾಡಿನ ಬೇರು, ತೊಗಟೆ ಕುದಿಸಿ ಕುಡಿಯುತ್ತಿದ್ದರಂತೆ. ಔಷಧಿ ಅಂಗಡಿಯವನೊಬ್ಬ ಅದನ್ನೇ ಮಾರುವ ಪಾನೀಯ ಮಾಡಿದನಂತೆ. ಮುಂದೆ ಇನ್ನೊಬ್ಬ, ಬೆಳದಿಂಗಳಲ್ಲಿ ಕಪ್ಪು ಬೆಟ್ಟದ ನೆತ್ತಿಯ ಹಿಮ ನೋಡಿ, ಅದೇ ನೋಟ ಲೋಟದಲ್ಲೂ ಬರಲಿ ಎಂದು ಐಸ್‌ಕ್ರೀಮು ತೇಲಿಬಿಟ್ಟನಂತೆ. ನಿಜವೋ ಸುಳ್ಳೋ, ಆ ಬೆಟ್ಟದ ಕಥೆ ಮಾತ್ರ ನನಗೆ ಬಹಳ ಇಷ್ಟ. ಇಲ್ಲಿಯ ಹಳಬರು ಇದೇ ಜಾತಿಯ ಸಾರ್ಸಿ ಎಂಬ ಪಾನೀಯಕ್ಕೆ ಚಿಟಿಕೆ ಉಪ್ಪು ಹಾಕಿ, ಮೈಯ ಉಷ್ಣ ಇಳಿಯುತ್ತದೆಂದು ಕುಡಿಯುತ್ತಾರೆ. ಉಡುಪಿಯ ನಮ್ಮ ಮನೆಯಲ್ಲಿ ಅದೇ ಕಾರಣಕ್ಕೆ ಸೊಗದೆ ಬೇರಿನ ಶರಬತ್ತು ಇರುತ್ತಿತ್ತು. ಕಣ್ಣು ಮುಚ್ಚಿ ಒಂದು ಗುಟುಕು ಎಳೆದರೆ, ಯಾವ ದೇಶದಲ್ಲಿ ಕೂತಿದ್ದೇನೆಂದು ನಾನು ಹೇಳಲಾರೆ.

ಕಳೆದ ವರ್ಷ ಅಮ್ಮ ಎರಡು ತಿಂಗಳ ಮಟ್ಟಿಗೆ ಉಡುಪಿಯಿಂದ ಬಂದಳು. ಬಂದದ್ದೇ ಮೊಮ್ಮಗಳಿಗಾಗಿ. ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಲ್ಲಿಯವರಂತೆ ಕೊನೆಗೊಂದು ‘ಲಾ’ ಹಚ್ಚಿದ ಇಂಗ್ಲಿಷಿನಲ್ಲಿ. ಅಮ್ಮನ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೂ ಮೊದಲ ವಾರದಲ್ಲೇ ಅಜ್ಜಿ ಮೊಮ್ಮಗಳು ಒಬ್ಬರನ್ನೊಬ್ಬರು ಬಿಟ್ಟಿರದಂತಾದರು. ಎರಡನೇ ಭಾನುವಾರ ಅಮ್ಮನನ್ನೂ ಅಂಗಡಿಗೆ ಕರೆದುಕೊಂಡು ಹೋದೆವು. ಮಗಳು ತನ್ನ ಪಾಲಿನ ಐಸ್‌ಕ್ರೀಮನ್ನು, ಆಗಲೇ ಅರ್ಧ ನೆಕ್ಕಿದ್ದ ಚಮಚದಲ್ಲೇ, ಅಜ್ಜಿಯ ಬಾಯಿಗೆ ಹಿಡಿದಳು.

“ಅಜ್ಜಿ, ಟೇಸ್ಟ್ ಲಾ!”

ಅಮ್ಮ ಮುಖ ಹಿಂದಕ್ಕೆ ಎಳೆದುಕೊಂಡಳು. “ಬೇಡ ಮಗಾ, ಎಂಜಲು.”

ನೀರು, ಕಾಫಿ, ಮಜ್ಜಿಗೆ, ಏನಿದ್ದರೂ ಅಮ್ಮ ಎತ್ತಿಯೇ ಕುಡಿಯುವವಳು. ಅವಳು ಲೋಟ ಕಚ್ಚಿದ್ದನ್ನು ನಾನು ಕಂಡಿಲ್ಲ. ನನಗೆ ಬುದ್ಧಿ ಬಂದ ಮೇಲೆ ನನ್ನ ಲೋಟಕ್ಕೆ ಅವಳಾಗಲಿ, ಅವಳ ಲೋಟಕ್ಕೆ ನಾನಾಗಲಿ ತುಟಿ ತಾಗಿಸಿದ್ದಿಲ್ಲ. ಅದರಲ್ಲಿ ಅಸಹ್ಯವೇನೂ ಇಲ್ಲ, ಬರೀ ಅಭ್ಯಾಸ ಎಂದು ನನಗೆ ಗೊತ್ತು. ಏಳು ವರ್ಷದವಳಿಗೆ ಹೇಗೆ ಗೊತ್ತಾಗಬೇಕು? ಮನೆಗೆ ಮರಳುವಾಗ ಕಾರಿನ ಹಿಂದಿನ ಸೀಟಿನಿಂದ ಸಣ್ಣ ದನಿ ಬಂತು.

“ಮಮ್ಮಿ, ಈಸ್ ಮೈ ಮೌತ್ ಡರ್ಟಿ?”

ಅಂದಿನಿಂದ ಅವಳು ಅಜ್ಜಿಯ ಪಕ್ಕ ಕೂರುವುದನ್ನೇ ಬಿಟ್ಟಳು. ಊಟಕ್ಕೆ ಮೇಜಿನ ಆಚೆ ತುದಿ. ಜಡೆ ಹಾಕಿಸಿಕೊಳ್ಳಲು ನಾನೇ ಬೇಕು. ನಾನು ತಿಳಿಸಿ ಹೇಳಿದೆ, ತಲೆಯಾಡಿಸಿದಳು, ಅಷ್ಟೆ. ಅಮ್ಮ ಹೊರಡಲು ಹತ್ತೇ ದಿನ ಉಳಿದಾಗ ನನಗೆ ತಡೆಯಲಾಗಲಿಲ್ಲ. ಮೊದಲೇ ನನಗೆ ಮೂಗಿನ ತುದಿಯಲ್ಲಿ ಸಿಟ್ಟು. ಅಡುಗೆಮನೆಯಲ್ಲಿ ಅಮ್ಮನ ಮೇಲೆ ಹರಿಹಾಯ್ದೆ.

“ನಿನ್ನ ಎಂಜಲು ಮುಸುರೆ ಕಟ್ಟಿಕೊಂಡು ನೀನು ಊರಿಗೆ ಹೋಗ್ತಿ. ಅಜ್ಜಿಗೆ ನಾನಂದ್ರೆ ಹೇಸಿಗೆ ಅಂತ ಅವಳು ಜನ್ಮಪೂರ್ತಿ ನೆನಪಿಟ್ಕೊಳ್ತಾಳೆ!”

ಅಮ್ಮ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. “ನಾನು ಎಂತ ಮಾಡುದು ಮಾರಾಯ್ತಿ? ಬೇಕೂಂತ ಮಾಡಿದ್ದಾ? ಬಾಯಿ ತನ್ನಷ್ಟಕ್ಕೆ ಮುಚ್ಚಿತು.” ಒಲೆ ಆರಿಸಿ, “ಭಾನುವಾರ ಆ ಅಂಗಡಿಗೆ ಹೋಗುವ” ಎಂದಳು.

ಭಾನುವಾರ ಅಮ್ಮ ತನಗೇ ಒಂದು ಪೂರ್ತಿ ಫ್ಲೋಟ್ ತರಿಸಿಕೊಂಡಳು. ಸ್ಟ್ರಾ ಪಕ್ಕಕ್ಕಿಟ್ಟು, ಆ ಭಾರದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ತಲೆ ಹಿಂದಕ್ಕೆ ಬಾಗಿಸಿ, ಎತ್ತಿ ಕುಡಿಯಲು ಹೊರಟಳು! ಜಗತ್ತಿನಲ್ಲಿ ಇನ್ಯಾರೂ ಫ್ಲೋಟನ್ನು ಹಾಗೆ ಕುಡಿಯಲು ನೋಡಿರಲಾರರು. ಮೊದಲು ನೊರೆ ಇಳಿಯಿತು, ಬಹಳ ನಿಧಾನವಾಗಿ, ನಾನು ಕನಸಿನಲ್ಲಿ ನೋಡುತ್ತಿದ್ದೇನೋ ಎನ್ನುವಷ್ಟು ನಿಧಾನವಾಗಿ. ಅದರ ಹಿಂದೆಯೇ ಐಸ್‌ಕ್ರೀಮಿನ ಇಡೀ ಉಂಡೆ ಜಾರಿ ಮೂಗಿನ ಮೇಲೆ ಕೂತಿತು. ಕನ್ನಡಕ, ಕುಂಕುಮ, ಸೀರೆಯ ಸೆರಗು ಎಲ್ಲ ನೊರೆ.

ಮಗಳು ನಗಲಿಲ್ಲ. ಎದ್ದು ಹೋಗಿ ಕಾಗದ ಸುತ್ತಿದ ಹೊಸ ಸ್ಟ್ರಾ ತಂದು, ಒಂದೇ ತುದಿ ಹಿಡಿದು ಅಜ್ಜಿಯ ಮುಂದಿಟ್ಟಳು.

“ನ್ಯೂ ಒನ್, ಅಜ್ಜಿ. ಐ ಡಿಡಂಟ್ ಟಚ್.”

ಅಮ್ಮ ಆ ಸ್ಟ್ರಾವನ್ನೂ ಅದನ್ನು ತಂದ ಕೈಯನ್ನೂ ನೋಡಿದಳು. ಆಮೇಲೆ ಮೊಮ್ಮಗಳ ಲೋಟವನ್ನು ಹತ್ತಿರಕ್ಕೆಳೆದು, ಬಗ್ಗಿ, ಅವಳು ಜಗಿದು ಚಪ್ಪಟೆ ಮಾಡಿದ್ದ ಸ್ಟ್ರಾಕ್ಕೆ ಬಾಯಿ ಇಟ್ಟು ಉದ್ದಕ್ಕೆ ಎಳೆದಳು.

“ಅಜ್ಜಿ, ದಟ್ಸ್ ಮೈನ್!”

“ಗೊತ್ತುಂಟು ಮಗಾ.” ಇನ್ನೊಂದು ಗುಟುಕು. “ಇದು ನಮ್ಮ ಸೊಗದೆ ಶರಬತ್ತೇ ಅಲ್ವಾ? ಸ್ವಲ್ಪ ಮಂಡಿನೋವಿನ ಮುಲಾಮು ಬಿದ್ದ ಹಾಗೆ ಉಂಟು.”

ಆಗ ಮಗಳು ನಕ್ಕಳು. ಕುರ್ಚಿಯನ್ನು ಎಳೆದುಕೊಂಡು ಅಜ್ಜಿಗೆ ಒತ್ತಿ ಕೂತು, ಅಂಗೈಯಿಂದಲೇ ಅಜ್ಜಿಯ ಮೂಗು ಒರೆಸಿ, ಅದೇ ಸ್ಟ್ರಾದಲ್ಲಿ ತಾನೂ ಎಳೆದಳು. ಇಬ್ಬರ ತಲೆಗಳೂ ಒಂದೇ ಲೋಟದ ಮೇಲೆ ಬಗ್ಗಿದ್ದವು.

ನನಗೆ ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೆ ಸುಳ್ಳೇಕೆ ಹೇಳಲಿ, ಹೊಟ್ಟೆಕಿಚ್ಚೂ ಆಯಿತು. ನಲವತ್ತು ದಾಟಿದ ಹೆಂಗಸು ನಾನು, ಕೈ ಚಾಚಿ ಕೇಳಿಯೇಬಿಟ್ಟೆ. “ನನಗೂ ಸ್ವಲ್ಪ ಕೊಡಮ್ಮ.”

ಅಮ್ಮ ನನ್ನನ್ನು ಒಂದು ಕ್ಷಣ ದಿಟ್ಟಿಸಿದಳು. ಸ್ಟ್ರಾದ ತುದಿ ಒರೆಸದೆ ಲೋಟವನ್ನು ನನ್ನ ಕಡೆ ತಳ್ಳಿದಳು. ಐಸ್‌ಕ್ರೀಮು ಅಷ್ಟರಲ್ಲಿ ಕರಗಿಹೋಗಿತ್ತು. ಅದೇ ಸ್ಟ್ರಾಕ್ಕೆ ಬಾಯಿ ಇಟ್ಟು ನಾನೂ ಉದ್ದಕ್ಕೆ ಒಂದು ಗುಟುಕು ಎಳೆದೆ.