ಯಾವ ಕಾರು ತೆಗೆಯುವುದು?

"ಒಂದು ಕಾರು ತೆಗೆಯುವ ಅಂತ ಉಂಟು" ಎಂದರು ನಮ್ಮ ಯಜಮಾನರು, ಚಹಾದ ಲೋಟ ಕೆಳಗಿಡುತ್ತಾ. 'ಅಂತ ಉಂಟು' ಎಂದರೆ ಆಗಲೇ ತೀರ್ಮಾನವಾಗಿದೆ ಎಂದರ್ಥ. ನಾನು ದೇವರ ದೀಪಕ್ಕೆ ಎಣ್ಣೆ ಹಾಕುತ್ತಿದ್ದೆ. ಬೆಳಿಗ್ಗೆ ಬೆಳಿಗ್ಗೆ ದೇವರೆದುರು ಸಿಟ್ಟು ಮಾಡಬಾರದು ಎಂದು ಬತ್ತಿ ಸರಿ ಮಾಡಿ, ಹಚ್ಚಿ, ಕೈಮುಗಿದು, ಆಮೇಲೆಯೇ ಸಿಟ್ಟು ಮಾಡಿದೆ.

ನಮ್ಮ ಉಡುಪಿ ಕಡೆಯ ಮಾತಿನಲ್ಲಿ ಕಾರು ತೆಗೆಯುವುದೆಂದರೆ ಕೊಳ್ಳುವುದು. ನಾವು ಸೀರೆ ತೆಗೆಯುತ್ತೇವೆ, ಚಿನ್ನ ತೆಗೆಯುತ್ತೇವೆ, ಮುಂಬೈ ಬದಿಯ ಈ ಡೊಂಬಿವಲಿಯಲ್ಲಿ ಫ್ಲ್ಯಾಟು ತೆಗೆಯುತ್ತೇವೆ. ಬೇರೆ ಕಡೆಯ ಕನ್ನಡದವರಿಗೆ ನಗು ಬರುತ್ತದೆ. ಬರಲಿ. ಆ ಮಾತೇ ಒಂದು ದಿನ ನನ್ನ ಕೆಲಸಕ್ಕೆ ಬರುತ್ತದೆ ಎಂದು ಆಗ ಗೊತ್ತಿರಲಿಲ್ಲ.

"ಇರುವ ಕಾರಿಗೆ ಎಂತ ಆಗಿದೆ?" ಎಂದೆ.

"ಅದಕ್ಕೆ ಎಂತದೂ ಆಗ್ಲಿಲ್ಲ. ಇದು ಬೇರೆ ಮಾರಾಯ್ತಿ. ಸ್ಪೋರ್ಟ್ಸ್ ಕಾರು." ಫೋನನ್ನು ನನ್ನ ಮೂಗಿನ ಹತ್ತಿರ ತಂದರು. "ನೋಡು, ಪೂರಾ ಹೊಸ ಡಿಸೈನ್. ಮೋರೆಯೇ ಬದಲಾಯಿಸಿದ್ದಾರೆ. ಲೈಟು ಸಪೂರ ಮಾಡಿದ್ದಾರೆ. ಬಾಗಿಲಿನ ಹಿಡಿ ಒಳಗೇ ಹೋಗ್ತದೆ."

"ಬಾಗಿಲು ಎಷ್ಟು?"

"ಎರಡು."

"ನಾವು ಮೂರು ಜನ."

"ಮೂರು ಜನ ಒಟ್ಟಿಗೆ ಯಾವಾಗ ಹೋಗ್ತೇವೆ, ಹೇಳು?"

ಅಷ್ಟರಲ್ಲಿ ಫೋನಿನೊಳಗಿನ ಗಂಡಸು ಗಂಭೀರ ಧ್ವನಿಯಲ್ಲಿ 'ನಯಾ ಅವತಾರ್' ಎಂದ. ನನ್ನ ಮೈ ಉರಿಯಿತು. ಅವತಾರ ಎತ್ತಿದವರು ಲೋಕದ ಕಷ್ಟ ನೋಡಲಾಗದೆ ಇಳಿದು ಬಂದವರು. ಹಂದಿಯಾಗಿ ಬಂದರು, ಆಮೆಯಾಗಿ ಬಂದರು, ಭೂಮಿಯನ್ನೂ ಬೆಟ್ಟವನ್ನೂ ಹೊತ್ತರು. ಇದು ಯಾರನ್ನು ಹೊರಲು ಬಂದದ್ದು? ಒಬ್ಬ ಗಂಡಸನ್ನು, ಮತ್ತು ಅವನ ತಂಪು ಕನ್ನಡಕವನ್ನು.

ನಮ್ಮವರಿಗೆ ಆಸೆಯೇ ಇರಬಾರದು ಎಂದು ನಾನು ಹೇಳುವವಳಲ್ಲ. ಶಹಾಡ್ ಸ್ಟೇಷನ್ನಿನ ಹತ್ತಿರ ನಮ್ಮದೊಂದು ಸಣ್ಣ ಹೋಟೆಲು ಇದೆ. ಕಾರ್ಖಾನೆಯ ಮೊದಲ ಪಾಳಿಯವರು ಬರುವ ಹೊತ್ತಿಗೆ ಗಲ್ಲಾದ ಮುಂದೆ ನಿಂತರೆ ಮಧ್ಯಾಹ್ನದ ತನಕ ಕೂರಲು ಪುರುಸೊತ್ತಿಲ್ಲ. ಮೀಸೆ ಮೂಡುವ ಮೊದಲೇ ಶುರುವಾದ ನಿಲ್ಲುವಿಕೆ ಅದು. ಹಬ್ಬಕ್ಕೆ ಒಂದು ಶರ್ಟು ಬಿಟ್ಟರೆ ತಮಗೆಂದು ಏನೂ ತೆಗೆದವರಲ್ಲ. ಅದೆಲ್ಲ ನನಗೆ ಗೊತ್ತಿದೆ. ನನಗೆ ಸಿಟ್ಟು ಬಂದದ್ದು ಕಾರಿಗಲ್ಲ, ಕಾರು ನಿಲ್ಲುವ ಜಾಗಕ್ಕೆ. ನಮ್ಮ ಸೊಸೈಟಿಯಲ್ಲಿ ಒಂದು ಮನೆಗೆ ಒಂದೇ ಪಾರ್ಕಿಂಗು. ಹೊಸದು ಬರಬೇಕಾದರೆ ಹಳೆಯದು ಹೋಗಬೇಕು. ಅದನ್ನು ಅವರು ಹೇಳಲಿಲ್ಲ. ಚಹಾ ಕುಡಿದು, ಬಾಯಿ ಒರೆಸಿಕೊಂಡು, ಹೋಟೆಲಿಗೆ ಹೋದರು.

ನಮ್ಮ ಹಳೆಯದು ಬಿಳಿ ಬಣ್ಣದ್ದು, ಏಳು ಜನ ಕೂರುವಂಥದ್ದು. ಹೋಟೆಲಿನ ತರಕಾರಿಗೆಂದು ತೆಗೆದದ್ದು. ಆಮೇಲೆ ತರಕಾರಿಗೆ ಟೆಂಪೋ ಬಂತು, ಕಾರು ನನ್ನ ಪಾಲಿಗೆ ಬಂತು. ಎಂಐಡಿಸಿಯ ಕಾರ್ಖಾನೆಗಳ ನಡುವಿನ ರಸ್ತೆಯಲ್ಲಿ ಭಾನುವಾರ ಭಾನುವಾರ ನಾನು ಅದನ್ನು ಓಡಿಸಲು ಕಲಿತೆ. ಮೂಗಿಗೆ ರಾಸಾಯನಿಕದ ವಾಸನೆ, ಬಾಯಲ್ಲಿ ದುರ್ಗೆಯ ಹೆಸರು. ತಲೆ ನರೆತ ಮೇಲೆ ಕಲಿತ ವಿದ್ಯೆ, ಅದಕ್ಕೇ ಅದರ ಮೇಲೆ ಇಷ್ಟು ಜೀವ.

ಪ್ರತಿ ಶುಕ್ರವಾರ ಆ ಕಾರು ನವಿ ಮುಂಬೈಗೆ, ನಮ್ಮೂರಿನವರ ದೇವಿಯ ಗುಡಿಗೆ ಹೋಗುತ್ತದೆ. ಅಲ್ಲಿ ಹೆಂಗಸರ ಭಜನೆ. ನನ್ನ ಪಕ್ಕದಲ್ಲಿ ನಾಲ್ಕನೆಯ ಮಾಳಿಗೆಯ ಅಕ್ಕ ಕೂರುತ್ತಾರೆ. ಧಾರವಾಡ ಕಡೆಯವರು, ಗಂಡ ತೀರಿಕೊಂಡಿದ್ದಾರೆ, ಎರಡೂ ಮಂಡಿ ಆಪರೇಷನ್ ಆಗಿದೆ. ಹಿಂದೆ ಭಜನೆಯ ಉಳಿದ ಹೆಂಗಸರು, ಅವರ ಮಡಿಲಲ್ಲಿ ಹಾರ್ಮೋನಿಯಂ. ಕಾರು ಬರುವ ಮೊದಲು ಅಕ್ಕ ಒಮ್ಮೆ ರೈಲಿನಲ್ಲಿ ಬಂದಿದ್ದರು. ಠಾಣೆ ಸ್ಟೇಷನ್ನಿನಲ್ಲಿ ಇಳಿದು, ನವಿ ಮುಂಬೈಯ ಗಾಡಿಗಾಗಿ ಸೇತುವೆ ಹತ್ತಿ ಇನ್ನೊಂದು ಪ್ಲಾಟ್‌ಫಾರ್ಮಿಗೆ ಹೋಗಬೇಕು. ಮೆಟ್ಟಿಲ ನಡುವೆ ನಿಂತುಬಿಟ್ಟರು. ಮೇಲೂ ಆಗದು, ಕೆಳಗೂ ಆಗದು. ಹಿಂದಿನಿಂದ ಜನ "ಚಲೋ, ಚಲೋ" ಎಂದು ನೂಕುತ್ತಿದ್ದರು. ಅಲ್ಲಿಂದ ಮನೆಗೆ ಬಂದವರು ಮತ್ತೆ ಗೇಟಿನಿಂದ ಆಚೆ ಕಾಲಿಟ್ಟದ್ದು ನಮ್ಮ ಬಿಳಿ ಕಾರಿನ ಬಾಗಿಲು ತೆರೆದ ಮೇಲೆಯೇ. ಅವರ ವಾರದಲ್ಲಿ ಶುಕ್ರವಾರ ಬಿಟ್ಟರೆ ಉಳಿದದ್ದೆಲ್ಲ ಕಿಟಕಿ.

ಇದನ್ನು ನಮ್ಮವರು ಯೋಚಿಸಲಿಲ್ಲ. ಬೇಕೆಂದು ಮರೆತದ್ದಲ್ಲ, ಯೋಚನೆಗೇ ಬರಲಿಲ್ಲ. ನನಗೆ ಅದೇ ಹೆಚ್ಚು ಉರಿ.

ಮಗಳ ಹತ್ತಿರ ಹೇಳಿದೆ. ಅವಳಿಗೆ ಠಾಣೆ ಶಹರದಲ್ಲಿ ಕೆಲಸ. ನಾನು ಕನ್ನಡದಲ್ಲಿ ಹೇಳಿದ್ದನ್ನೆಲ್ಲ ತಿಳಿದುಕೊಂಡು ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. "ಮಮ್ಮೀ, ಪಪ್ಪಾ ಕೋ ಭೀ ಜೀನೇ ದೋ ನಾ" ಎಂದಳು. ಅಪ್ಪನನ್ನೂ ಬದುಕಲು ಬಿಡಬೇಕಂತೆ! ಇಷ್ಟು ವರ್ಷ ನಾನೇನು ಅವರ ಕುತ್ತಿಗೆ ಹಿಡಿದಿದ್ದೆನೇ?

"ನಿನ್ನಪ್ಪ ಬದುಕಲಿ. ನಾಲ್ಕನೆಯ ಮಾಳಿಗೆಯ ಆಂಟಿ ಎಂತ ಮಾಡುವುದು?"

"ಕ್ಯಾಬ್ ಕರ್ ಲೇನಾ."

ನಮ್ಮ ಗೇಟಿನ ಮುಂದೆ ಬಂದು, ಹಾರ್ಮೋನಿಯಂ ನೋಡಿ, ಬುಕಿಂಗ್ ಕ್ಯಾನ್ಸಲ್ ಮಾಡಿ ಓಡಿಹೋದ ಕ್ಯಾಬುಗಳನ್ನು ಅವಳು ಕಂಡಿಲ್ಲ.

ಮರುದಿನ ಲಿಫ್ಟಿನಲ್ಲಿ ಅಕ್ಕ ಸಿಕ್ಕಿದರು. ಮುಖ ಬಾಡಿತ್ತು.

"ಏನವಾ, ನಿಮ್ಮವರು ಕಾರ್ ತಗೀತಾರಂತ? ವಾಚ್‌ಮನ್ ಬಾಜೂಕ ನಿಂತು ಫೋನಿನ್ಯಾಗ ಹೇಳ್ಲಿಕ್ಕತ್ತಿದ್ರು, ನಾ ಕೇಳೀನಿ. ನನಗ ಒಂದ್ ಮಾತ್ ಹೇಳಬಾರದಿತ್ತೇನ?"

"ಹೌದಕ್ಕ, ತೆಗೀತಾರಂತೆ. ನನ್ನನ್ನೇ ಕೇಳ್ಲಿಲ್ಲ, ನಿಮಗೆ ಎಂತ ಹೇಳುವುದು?"

"ಛಲೋ ಗಾಡಿ ಇತ್ತಲ್ಲವಾ. ಯಾಕ್ ತಗೀತಾರ? ಇನ್ನ ನಮ್ಮ ಭಜನಿ ಹ್ಯಾಂಗ?"

ಆಗ ನನಗೆ ಹೊಳೆಯಿತು. ಅವರ ಕಡೆ ಕಾರು ತಗಿಯುವುದೆಂದರೆ ಇದ್ದದ್ದನ್ನು ತೆಗೆದುಹಾಕುವುದು. ಕೊಳ್ಳುವುದಕ್ಕೆ ಅವರು ತಗೊಳ್ಳೋದು ಎನ್ನುತ್ತಾರೆ. ಹೊಸ ಕಾರಿನ ಸುದ್ದಿಯೇ ಅವರ ಕಿವಿಗೆ ಬಿದ್ದಿರಲಿಲ್ಲ. ಹಳೆಯದು ಹೋಗುತ್ತದೆ ಎಂಬುದಷ್ಟೇ ಬಿದ್ದಿತ್ತು. ಹಾಗಲ್ಲ ಅಕ್ಕ, ಎಂದು ತಿದ್ದಲು ಬಾಯಿ ತೆರೆದೆ, ಮುಚ್ಚಿದೆ. ತಿದ್ದುವುದೇನು? ಅವರಿಗೆ ಅರ್ಥವಾದದ್ದೇ ಸರಿಯಾಗಿತ್ತು.

"ಶನಿವಾರ ಶೋರೂಮಿಗೆ ಹೋಗ್ಲಿಕ್ಕುಂಟು. ನೀವೂ ಬನ್ನಿ" ಎಂದೆ.

ಶೋರೂಮು ನವಿ ಮುಂಬೈಯಲ್ಲೇ, ತುರ್ಭೆ ಕಡೆ. ಹೋಗುವಾಗ ಬಿಳಿ ಕಾರನ್ನು ನಮ್ಮವರೇ ಓಡಿಸಿದರು. ಶೀಳ್ ರಸ್ತೆಯಲ್ಲಿ ಮೆಟ್ರೋ ಕಂಬಗಳ ಕೆಲಸ, ಎರಡೂ ಬದಿ ತಗಡು, ನಡುವೆ ಹೊಂಡ. ಶೀಳ್‌ಫಾಟಾದ ಕೂಡುರಸ್ತೆಯಲ್ಲಿ ಗಾಡಿಗಳೆಲ್ಲ ಒಂದಕ್ಕೊಂದು ಅಂಟಿ ನಿಂತಿದ್ದವು.

"ಇಲ್ಲಿ ಓಡಿಸುವುದಾ ನಿಮ್ಮ ಸ್ಪೋರ್ಟ್ಸು?" ಎಂದೆ.

"ಎಲ್ಲ ಸಮಯದಲ್ಲೂ ಜಾಮ್ ಇರುವುದಿಲ್ಲ" ಎಂದರು. ಈ ರಸ್ತೆಯಲ್ಲಿ ಜಾಮ್ ಇಲ್ಲದ ಸಮಯ ಯಾವುದೆಂದು ನನಗೂ ಯಾರಾದರೂ ಹೇಳಲಿ.

ಕಾರು ಚೆಂದವಿತ್ತು. ಸುಳ್ಳು ಹೇಳಬಾರದು. ಕೆಂಪು, ನೆಲಕ್ಕೆ ಒತ್ತಿಕೊಂಡು, ಮಲಗಿದ ಹುಲಿಯ ಹಾಗೆ. ನಮ್ಮವರು ಅದರ ಬೆನ್ನ ಮೇಲೆ ಕೈಯಾಡಿಸಿದ್ದು ನೋಡಿ ನನಗೆ ಒಂದು ಕ್ಷಣ ಪಾಪ ಅನ್ನಿಸಿತು. ಮಗಳು ಹುಟ್ಟಿದಾಗ ಹೀಗೇ ಮುಟ್ಟಿದ್ದರು, ಹೆದರಿ ಹೆದರಿ.

"ಅಕ್ಕ, ಹಿಂದೆ ಕೂತು ನೋಡಿ" ಎಂದೆ.

ಟೈ ಕಟ್ಟಿದ ಸೇಲ್ಸಿನವನು ಮುಂದೆ ಬಂದ. "ಮ್ಯಾಡಮ್, ಪೀಛೇ ಸಿರ್ಫ್ ಬ್ಯಾಗ್ ಕೇ ಲಿಯೇ. ಯಾ ಛೋಟೇ ಬಚ್ಚೇ."

ಹಿಂದಿನ ಸೀಟು ಬ್ಯಾಗಿಗೆ, ಇಲ್ಲವೇ ಸಣ್ಣ ಮಕ್ಕಳಿಗೆ! ಹಾಗಾದರೆ ಅದಕ್ಕೆ ಸೀಟು ಎಂದು ಯಾಕೆ ಹೆಸರು? ನಾನು ಕೇಳಿದೆ. ಅವನು ನಕ್ಕ. ನಾನು ನಗಲಿಲ್ಲ.

ಅಕ್ಕ ಮುಂದಿನ ಸೀಟಿನಲ್ಲಿ ಕೂರಲು ನೋಡಿದರು. ಸೊಂಟ ಬಗ್ಗಿಸಿ, ಬಾಗಿಲು ಹಿಡಿದು, "ರಾಯರ, ಕಾಯ್ರಿ" ಎಂದು ಧೊಪ್ಪನೆ ಕೂತರು. ಕೂತದ್ದು ಆಯಿತು, ಏಳುವುದು ಆಗಲಿಲ್ಲ. ಒಂದು ಕಡೆಯಿಂದ ನಾನು, ಇನ್ನೊಂದು ಕಡೆಯಿಂದ ಟೈಯವನು. ಒಳಗಿನಿಂದ ಅಕ್ಕ ನಗಲು ಶುರು ಮಾಡಿದರು. "ಬಿಡ್ರೋ ಮಾರಾಯ, ನನ್ನ ಸಂಗಾಟ ಮಾರಿಬಿಡ್ರಿ ಇದನ್ನ." ಅವರ ನಗು ಕೇಳಿ ಶೋರೂಮಿನವರೆಲ್ಲ ನಕ್ಕರು. ಎದ್ದು ನಿಂತ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡರು. ಬೆವರು ಮಾತ್ರ ಒರೆಸಿದ್ದಲ್ಲ ಎಂದು ನನಗೆ ಗೊತ್ತಾಯಿತು.

ನಾನು ಕೀ ಕೇಳಿದೆ. "ಒಂದು ಸುತ್ತು ನಾನೂ ಓಡಿಸ್ತೇನೆ."

"ನೀನಾ? ಇದು ಹಾಗಲ್ಲ ಮಾರಾಯ್ತಿ. ಇದರ ಪವರ್ ಬೇರೆ" ಎಂದರು ನಮ್ಮವರು, ಟೈಯವನ ಮುಂದೆ.

ಮಳೆಗಾಲದಲ್ಲಿ, ವೈಪರು ಕೈಕೊಟ್ಟ ದಿನ, ಐದು ಹೆಂಗಸರನ್ನು ಕೂರಿಸಿಕೊಂಡು ಮಹಾಪೆಯ ಇಳಿಜಾರಿನಲ್ಲಿ ಲಾರಿಗಳ ನಡುವಿನಿಂದ ಮನೆ ಮುಟ್ಟಿಸಿದವಳು ನಾನು. ಪವರಂತೆ! ಆದರೆ ಜನರ ಮುಂದೆ ಮಾತು ಬೇಡವೆಂದು ನುಂಗಿಕೊಂಡೆ. ಆ ತಾಳ್ಮೆ ಕೊಟ್ಟದ್ದಕ್ಕೆ ದೇವಿಗೆ ಅಲ್ಲೇ ಮನಸ್ಸಿನಲ್ಲಿ ಒಂದು ನಮಸ್ಕಾರ ಹಾಕಿದೆ.

ಹೊರಗೆ ಬಂದ ಮೇಲೆ ನನ್ನ ಮುಖ ನೋಡಿ ಅವರೇ ಒಂದು ದಾರಿ ಹುಡುಕಿದರು. "ಗುಡಿ ಹತ್ತಿರವೇ ಉಂಟಲ್ಲ. ದೇವಿಯ ಹತ್ತಿರ ಪ್ರಸಾದ ಕೇಳುವ. ಕೊಟ್ರೆ ಕೊಟ್ಲು, ಇಲ್ಲದಿದ್ರೆ ಇಲ್ಲ. ಆಮೇಲೆ ನೀನು ಮಾತಾಡ್ಲಿಕ್ಕಿಲ್ಲ."

ಪ್ರಸಾದ ಕೇಳುವುದೆಂದರೆ ನಮ್ಮಲ್ಲಿ ಸಣ್ಣ ವಿಷಯವಲ್ಲ. ಮದುವೆಯ ಸಂಬಂಧಕ್ಕೆ, ಮನೆ ಕಟ್ಟುವುದಕ್ಕೆ, ದೊಡ್ಡ ಕಾಯಿಲೆಗೆ ದೇವರ ಅಪ್ಪಣೆ ಕೇಳುತ್ತೇವೆ. ದೇವರ ಮೈಮೇಲಿನ ಬಲಗಡೆಯ ಹೂ ಬಿದ್ದರೆ ಆಗಬಹುದು, ಎಡಗಡೆಯದಾದರೆ ಬೇಡ ಎಂದು ಅರ್ಥ. ಒಮ್ಮೆ ಕೇಳಿದ್ದನ್ನು ಮತ್ತೆ ಕೇಳುವ ಹಾಗಿಲ್ಲ. ಹೆಂಡತಿಯನ್ನು ಕೇಳದ ಗಂಡಸು ನೇರ ದೇವಿಯ ಹತ್ತಿರ ಹೋಗುತ್ತಾನೆ, ನೋಡಿ! ಆದರೂ ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ದೇವಿಯ ಮಾತಿಗೆ ಹೆದರುತ್ತೇನೆ ಎಂದಾಗುತ್ತಿತ್ತು.

ಭಟ್ಟರು ಆರತಿ ಮುಗಿಸಿ ಕೇಳಿದರು, "ಯಾವ ವಿಷಯಕ್ಕೆ?"

"ಕಾರು ತೆಗೀಲಿಕ್ಕೆ, ಭಟ್ರೇ" ಎಂದರು ನಮ್ಮವರು.

ಭಟ್ಟರು ಅದನ್ನೇ ಪ್ರಾರ್ಥನೆಯಲ್ಲಿ ಸೇರಿಸಿ ಗಟ್ಟಿಯಾಗಿ ಹೇಳಿದರು: ಈ ಸಂಸಾರದವರು ಕಾರು ತೆಗೆಯುವ ಸಂಕಲ್ಪ ಮಾಡಿದ್ದಾರೆ ತಾಯೀ, ಅಪ್ಪಣೆಯಾಗಬೇಕು. ನಾವು ಮೂವರೂ ಕೈಮುಗಿದು ನಿಂತೆವು. ಒಂದು ಕೆಂಪು ದಾಸವಾಳ ದೇವಿಯ ಬಲ ಭುಜದಿಂದ ಜಾರಿ ಪೀಠದ ಮೇಲೆ ಬಿತ್ತು.

ನಮ್ಮವರ ಮುಖ ಅರಳಿತು. "ಕಂಡೆಯಾ?"

ನನ್ನ ಹಿಂದಿನಿಂದ ಅಕ್ಕನ ಸಣ್ಣ ಧ್ವನಿ ಬಂತು. "ತಗೀ ಅಂದ್ಲೇನ ತಾಯಿ? ಆತು ಬಿಡವಾ. ಆಕಿ ಹೇಳಿದ ಮ್ಯಾಲೆ ಏನೈತಿ. ಇಷ್ಟ್ ದಿನ ಕರಕೊಂಡ್ ಬಂದ್ರಲ್ಲ, ಅದೇ ದೊಡ್ಡದು."

ನಮ್ಮವರು ತಿರುಗಿ ನೋಡಿದರು. "ಅಕ್ಕ, ತೆಗೆಯುವುದು ಅಂದ್ರೆ ಕೊಳ್ಳುವುದು. ಹೊಸದು."

"ಹಳೇದು ಎಲ್ಲಿ ನಿಲ್ಲಸ್ತೀರಿ?" ಎಂದು ಕೇಳಿದರು ಅಕ್ಕ. ಕುಹಕವಿಲ್ಲ, ಪಾಪ, ನಿಜವಾಗಿ ತಿಳಿಯಲೆಂದು ಕೇಳಿದ್ದು.

ನನಗೆ ಇನ್ನು ತಡೆಯಲಾಗಲಿಲ್ಲ. "ಹೌದಲ್ಲ, ದೇವಿ ತೆಗೀಬಹುದು ಅಂದಳು. ಯಾವ ಕಾರು? ತೆಗೆಯುವುದು ಅಂದ್ರೆ ತರುವುದಾ, ಕಳಿಸುವುದಾ? ಹೂ ಬಿದ್ದದ್ದು ಯಾವುದಕ್ಕೆ? ಭಟ್ರೇ, ನೀವೇ ಹೇಳಿ."

ಭಟ್ಟರು ಪೇಚಿಗೆ ಬಿದ್ದರು. "ಅಮ್ಮ, ನೀವು ಕೇಳಿದ ಹಾಗೆ ನಾನು ಕೇಳಿದ್ದು. ಅದನ್ನೇ ಮತ್ತೆ ಕೇಳ್ಲಿಕ್ಕೆ ಆಗುವುದಿಲ್ಲ. ಬೇರೆ ವಿಷಯ ಇದ್ರೆ ಕೇಳಬಹುದು."

"ಬೇರೆಯೇ ವಿಷಯ" ಎಂದೆ. ನಮ್ಮವರ ಕಡೆ ತಿರುಗಿದೆ. "ಬಿಡಿಸಿ ಕೇಳಿ. ಶುಕ್ರವಾರ ನಿನ್ನ ಮುಂದೆ ಹಾಡುವ ಹೆಂಗಸರು ಬರುವ ಕಾರನ್ನು ಮಾರಬಹುದಾ ತಾಯೀ, ಅಂತ ಕೇಳಿ. ಆ ಹೂವೂ ಬಲಕ್ಕೆ ಬಿದ್ರೆ ನಾನೇ ನಿಮ್ಮ ಕೆಂಪು ಕಾರಿನ ಚಕ್ರದ ಅಡಿಗೆ ನಿಂಬೆಹಣ್ಣು ಇಡ್ತೇನೆ."

ಭಟ್ಟರು ಗಂಟೆ ಹಿಡಿದು ಕಾದರು. ನಮ್ಮವರು ದೇವಿಯನ್ನು ನೋಡಿದರು, ಬಾಗಿಲಿನ ಚೌಕಟ್ಟಿಗೆ ಒರಗಿ ಮಂಡಿ ನೀವಿಕೊಳ್ಳುತ್ತಿದ್ದ ಅಕ್ಕನನ್ನು ನೋಡಿದರು. ಕೇಳಲಿಲ್ಲ. ತೀರ್ಥ ತೆಗೆದುಕೊಂಡು ಹೊರಗೆ ಹೋಗಿ ಚಪ್ಪಲಿ ಹಾಕಿಕೊಂಡರು.

ಬರುವಾಗ ಕೀ ನನ್ನ ಕೈಗೆ ಕೊಟ್ಟು ತಾವು ಹಿಂದೆ ಕೂತರು. ರಬಾಳೆ ಕಡೆಯ ಕಾರ್ಖಾನೆಗಳ ಬಸ್ಸುಗಳೆಲ್ಲ ಮಹಾಪೆಯಲ್ಲಿ ಒಟ್ಟಾಗಿ ರಸ್ತೆ ಕಟ್ಟಿತ್ತು. ಟೈಯವನ ಫೋನು ಬಂತು. "ದೇಖತೇ ಹೈ" ಎಂದರು ನಮ್ಮವರು. ನಮ್ಮ ಊರಿನ 'ನೋಡುವ'ದ ಹಿಂದಿ ಅದು. ನಾನು ಕಾಶಿಗೆ ಹೋಗುವ ಎಂದಾಗಲೆಲ್ಲ ಕೇಳಿದ ಮಾತು. ಅದರ ಅರ್ಥ ನನಗೆ ಚೆನ್ನಾಗಿ ಗೊತ್ತು. ಟೈಯವನಿಗೂ ನಿಧಾನಕ್ಕೆ ಗೊತ್ತಾಗಿರಬೇಕು.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ಮೊನ್ನೆ ಕಲ್ಯಾಣದಲ್ಲಿ ನಮ್ಮ ಸಂಬಂಧಿಕರ ಮದುವೆ. ಊಟದ ಪಂಕ್ತಿಯಲ್ಲಿ ಯಾರೋ ಕೇಳಿದರು, "ಎಂತ, ಸ್ಪೋರ್ಟ್ಸ್ ಕಾರು ತೆಗೀತೀರಂತೆ?" ನಮ್ಮವರು ಹಪ್ಪಳ ಮುರಿಯುತ್ತಾ, ಭಕ್ತಿಯ ಮುಖ ಮಾಡಿ, "ತೆಗೀಬೇಕು ಅಂತ ಇತ್ತು. ಆದ್ರೆ ದೇವಿಯ ಅಪ್ಪಣೆ ಆಗ್ಲಿಲ್ಲ" ಎಂದರು. ಕೇಳಿದವರು ಕೈಮುಗಿದರು.

ನನ್ನ ಕೈಯಲ್ಲಿ ತುಪ್ಪದ ಪಾತ್ರೆ ಇತ್ತು, ಹೆಂಗಸರು ಬಡಿಸುತ್ತಿದ್ದೆವು. ಅಲ್ಲೇ ನಿಂತೆ.

"ದೇವಿ ಬೇಡ ಅನ್ಲಿಲ್ಲ" ಎಂದೆ. "ದೇವಿ ಹೂ ಕೊಟ್ಟದ್ದು ಬಲಕ್ಕೇ. ಬೇಡ ಅಂದದ್ದು ನಾನು."

ನಮ್ಮವರು ಎಲೆ ನೋಡಿದರು. ನಾನು ಅವರ ಅನ್ನಕ್ಕೆ ತುಪ್ಪ ಹಾಕಿದೆ, ಸ್ವಲ್ಪ ಹೆಚ್ಚೇ ಹಾಕಿದೆ, ಮುಂದಿನ ಎಲೆಗೆ ಹೋದೆ.